ಹಣ್ಣಾಗದ ಗೊನೆ

ಸಬ್ ಇನ್ಸ್‌ಪೆಕ್ಟರ್ ಅಮೃತೇಶ್ ಮೊದಲನೇ ಡಬ್ಬದ ಮುಚ್ಚಳ ತೆಗೆದ. ಒಳಗಿದ್ದ ಬಾಳೆಯ ಚಿಪ್ಪು ಹಳದಿಗೆ ತಿರುಗಿತ್ತು.

ಎರಡನೆಯದನ್ನು ತೆಗೆದ. ಅದರೊಳಗಿನದು ಇಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು. ಹಸಿರು. ಉಗುರು ಊರಿದರೆ ಹಾಲು ಒಸರುವಷ್ಟು ಕಾಯಿ.

ಹೆಡ್ ಕಾನ್‌ಸ್ಟೇಬಲ್ ಪುಟ್ಟಸ್ವಾಮಿ ಠಾಣೆಯ ಹಿಂದಿನ ಷೆಡ್ಡಿನ ಬಾಗಿಲಿಗೆ ಒರಗಿ ನಿಂತು ಎರಡನ್ನೂ ನೋಡಿದ.

“ಇದ್ರಲ್ಲಿ ಯಾವ್ದು ಕೋರ್ಟಿಗೆ ಸಾ, ಯಾವ್ದು ನಮ್ಗೆ?”

“ಹಳದಿಯದನ್ನ ತಿನ್ನಿ. ಹಸಿರಿನದನ್ನ ಮುಟ್ಟಬೇಡಿ.”

ಪುಟ್ಟಸ್ವಾಮಿ ಒಂದು ಹಣ್ಣು ಕಿತ್ತು ಸುಲಿದ. “ಹೊಗೆ ವಾಸ್ನೆ ಒಡೀತದೆ. ಪರವಾಗಿಲ್ಲ ಬುಡಿ. ನಮ್ಮನೇಲಿ ಉಪ್ಪಿಟ್ಟೂ ಇದೇ ವಾಸ್ನೆ ಒಡೀತದೆ.”

ಅಮೃತೇಶ್ ನಗಲಿಲ್ಲ. ಹಸಿರು ಚಿಪ್ಪನ್ನು ಕೈಯಲ್ಲಿ ಹಿಡಿದು ನಿಂತಿದ್ದ.

ಬಸವಣ್ಣನ ಬಾಳೆಮಂಡಿಯ ಹೊಗೆಕೋಣೆಯಲ್ಲಿ ಮಾದು ಸತ್ತು ಸಿಕ್ಕಿ ವಾರ ಕಳೆದಿತ್ತು. ಹೊರಗಿನಿಂದ ಆ ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿದವಳು ಅವನ ತಾಯಿ ಮಂಚಮ್ಮ.

ಅದು ಅವಳು ಪ್ರತಿವಾರ ಮಾಡುತ್ತಿದ್ದ ಕೆಲಸ. ಮಗ ಕಾಯಿಗೊನೆಗಳನ್ನು ಒಳಗೆ ಒಟ್ಟುತ್ತಿದ್ದ. ಅವಳು ಮಡಕೆಯಲ್ಲಿ ಕೆಂಡ ಹಾಕಿ, ಮೇಲೆ ತೆಂಗಿನ ನಾರು ತುರುಕಿ ಒಳಗಿಡುತ್ತಿದ್ದಳು. ಬಾಗಿಲು ಎಳೆದು, ಸಂದಿಗೆಲ್ಲ ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದಳು. ಹಣ್ಣಾಗುವ ದಿನದವರೆಗೆ ಯಾರೂ ಆ ಬಾಗಿಲು ಮುಟ್ಟುವ ಹಾಗಿಲ್ಲ. ಗಾಳಿ ಹೊಕ್ಕರೆ ಒಂದು ಕಡೆ ಹಣ್ಣು, ಒಂದು ಕಡೆ ಕಾಯಿ.

ಆದ್ದರಿಂದ ಮಾದು ಕಾಣದಾದಾಗ ಎಲ್ಲರೂ ಕಪಿಲೆಯ ದಂಡೆಗೆ ಹೋದರು, ಬಸ್ ಸ್ಟ್ಯಾಂಡಿಗೆ ಹೋದರು, ಅವನ ಗೆಳೆಯರ ಮನೆಗಳಿಗೆ ಹೋದರು. ಹೊಗೆಕೋಣೆಯ ಬಾಗಿಲು ಮಾತ್ರ ಹಣ್ಣಾಗುವ ದಿನದವರೆಗೆ ಯಾರೂ ತೆಗೆಯಲಿಲ್ಲ. ಮಂಚಮ್ಮ ಮಗನನ್ನು ಕೂಗುತ್ತಾ ಆ ಬಾಗಿಲ ಮುಂದೆಯೇ ಓಡಾಡಿದ್ದಳು.

“ನಾನೇ ನಾರು ಹಾಕಿದೆ. ನಾನೇ ಮೆತ್ತಿದೆ. ಗೊನೆಗಳ ಹಿಂದೆ ಮಗ ಇರುವುದನ್ನು ನೋಡಲಿಲ್ಲ.” ಇದು ಅವಳು ಠಾಣೆಯಲ್ಲಿ ಕೊಟ್ಟ ಹೇಳಿಕೆ. ಅತ್ತಿರಲಿಲ್ಲ. ಕೂತಲ್ಲಿಂದ ಏಳದೆ, ಎಡಗೈ ಹೆಬ್ಬೆಟ್ಟು ಒತ್ತಿದ್ದಳು. ಆ ಹೇಳಿಕೆಯ ಮೇಲೆ ನಾಳೆ ಅಮೃತೇಶ್ ವರದಿ ಕಳಿಸಿದರೆ, ಅಜಾಗರೂಕತೆಯಿಂದ ಮಗನನ್ನು ಕೊಂದವಳು ಎಂದು ಅವಳು ಕಟಕಟೆಯಲ್ಲಿ ನಿಲ್ಲಬೇಕಾಗುತ್ತಿತ್ತು.

ಅವಳಿಗೆ ಬೇಕಾಗಿದ್ದೂ ಅದೇ ಎಂದು ಅಮೃತೇಶನಿಗೆ ಅನ್ನಿಸಿತ್ತು. ಅವನಿಗೆ ತೊಡಕಾಗಿದ್ದು ಅದು.

“ಏನ್ ಸಾ ವೆತ್ಯಾಸ?” ಪುಟ್ಟಸ್ವಾಮಿ ಎರಡೂ ಡಬ್ಬಗಳೊಳಗೆ ಇಣುಕಿದ. “ಎರಡೂ ಬೆಂಕಿಯೇ ತಾನೇ?”

“ಬೆಂಕಿ ಒಂದೇ. ಉರಿದದ್ದು ಬೇರೆ. ಹಳದಿಯಾದ ಡಬ್ಬದಲ್ಲಿ ತೆಂಗಿನ ನಾರು ಹಾಕಿದ್ದೆ. ಗಾಳಿ ಸಾಲದೆ ಉರಿದರೆ ನಾರು ಪೂರ್ತಿ ಸುಡುವುದಿಲ್ಲ. ಅರ್ಧ ಸುಟ್ಟು ಹೊರಗೆ ಬರುತ್ತೆ. ಹೊಗೆ ಅನ್ನೋದು ಅದನ್ನೇ. ಅದರಲ್ಲಿ ಮಸಿ ಇರುತ್ತೆ, ಅಂಟು ಇರುತ್ತೆ, ನೀರಿನ ಹಬೆ ಇರುತ್ತೆ. ಎಥಿಲೀನ್ ಅಂತ ಒಂದು ಅನಿಲವೂ ಇರುತ್ತೆ. ಕಾಯನ್ನ ಹಣ್ಣು ಮಾಡೋದು ಅದು.”

“ಇನ್ನೊಂದರಲ್ಲಿ?”

“ಇದ್ದಿಲು. ಅದರ ಹೊಗೆಯೆಲ್ಲ ಇದ್ದಿಲು ಸುಡುವ ಗುಂಡಿಯಲ್ಲೇ ಹೋಗಿರುತ್ತೆ. ಉಳಿದಿರೋದು ಹೆಚ್ಚುಕಡಿಮೆ ಬರೀ ಇಂಗಾಲ. ಗಾಳಿ ಚೆನ್ನಾಗಿದ್ದರೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲಲ್ಲ, ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ.”

“ಅಂದ್ರೆ ಗೊತ್ತೇ ಆಗಕಿಲ್ಲ.”

“ತಲೆ ಭಾರ ಆಗುತ್ತೆ. ಒಂದು ಗಳಿಗೆ ಕೂತು ಸುಧಾರಿಸಿಕೊಳ್ಳೋಣ ಅನ್ನಿಸುತ್ತೆ. ಕೂತರೆ ಮತ್ತೆ ಏಳುವುದಿಲ್ಲ.”

ಮಾದು ಸಿಕ್ಕಾಗ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗೊನೆ ಹೊರುವಾಗ ಹೆಗಲಿಗೆ ಹಾಕುವ ಟವಲ್ಲು ತೊಡೆಯ ಮೇಲೆ ಮಡಿಸಿದಂತೆ ಇತ್ತು. ನಾರಿನ ಹೊಗೆಯಲ್ಲಿ ಯಾರೂ ಹಾಗೆ ಕೂರುವುದಿಲ್ಲ. ಕೆಮ್ಮಿ, ಕಣ್ಣೀರು ಸುರಿಸಿ ಬಾಗಿಲಿಗೆ ಓಡುತ್ತಾರೆ.

ಪುಟ್ಟಸ್ವಾಮಿ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದ. ಉಳಿದ ಅರ್ಧ ಹಣ್ಣನ್ನು ಸಿಪ್ಪೆಯೊಳಗೆ ಸುತ್ತಿ ಕೆಳಗಿಟ್ಟ.

“ಡಾಕ್ಟ್ರು ರಕ್ತ ದಾಳಿಂಬೆ ಬಣ್ಣ ಅಂದಿದ್ರಲ್ಲ ಸಾ. ಅದೂ ಇದೇನಾ?”

“ಅದೇ. ನಾರಿನ ಹೊಗೆಯಲ್ಲೂ ಆ ಗ್ಯಾಸು ಇರುತ್ತೆ. ಆದ್ದರಿಂದ ಯಾರೂ ಹೆಚ್ಚು ಕೇಳಲಿಲ್ಲ.” ಅಮೃತೇಶ್ ಹಸಿರು ಚಿಪ್ಪನ್ನು ಡಬ್ಬದೊಳಗೆ ಮರಳಿ ಇಟ್ಟ. “ಯಾವಾಗ ಸತ್ತ ಅಂತ ಮಾತ್ರ ಅವರು ಖಚಿತವಾಗಿ ಹೇಳಲಿಲ್ಲ. ಕೆಲವರು ಪ್ರಜ್ಞೆ ತಪ್ಪಿ ಬಹಳ ಹೊತ್ತು ಹಾಗೇ ಉಳಿಯುತ್ತಾರಂತೆ.”

ಮೇಜಿನ ಮೇಲೆ ಶವ ಸಿಕ್ಕ ದಿನ ತೆಗೆದ ಫೋಟೋಗಳಿದ್ದವು. ಒಂದರಲ್ಲಿ ಹೊಗೆಕೋಣೆಯ ಒಳಗು. ಚಾವಣಿ ವರ್ಷಗಳ ಹೊಗೆಗೆ ಕಪ್ಪಾಗಿ, ಅಂಟಂಟಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ಒಟ್ಟಿದ ಗೊನೆಗಳಲ್ಲಿ ಒಂದೂ ಬಣ್ಣ ತಿರುಗಿರಲಿಲ್ಲ. ಇನ್ನೊಂದರಲ್ಲಿ ತೆರೆದ ಬಾಗಿಲು. ಎರಡೂ ಅಂಚಿನಲ್ಲಿ ಒಣಗಿದ ಮಣ್ಣು, ಮಣ್ಣಿನ ಮೇಲೆ ಬೆರಳು ಎಳೆದ ಗೆರೆಗಳು.

ಅಮೃತೇಶ್ ವಶಪಡಿಸಿಕೊಂಡಿದ್ದ ಮಡಕೆಯನ್ನು ಕಾಗದದ ಮೇಲೆ ಇಟ್ಟ. ಹೊಸ ಮಡಕೆ. ಅದರ ಬಾಯಿಯ ಸುತ್ತ ಬೆರಳಾಡಿಸಿ ಬೆರಳು ನೋಡಿದ. ಮಸಿಯಿಲ್ಲ, ಅಂಟಿಲ್ಲ. ತಳದಲ್ಲಿ ನುಣ್ಣನೆಯ ಬಿಳಿಬೂದಿ. ಬೂದಿಯಲ್ಲಿ ಬಟ್ಟಲಿನ ಚೂರಿನ ಹಾಗೆ ಬಾಗಿದ ಕರಿ ತುಂಡುಗಳು.

ಪುಟ್ಟಸ್ವಾಮಿ ಒಂದನ್ನು ಎತ್ತಿ ನೋಡಿದ. “ಕರಟದ ಇದ್ಲು. ಸೌದೆ ಇದ್ಲು ಇಂಗೆ ಬಾಗಿರಕಿಲ್ಲ. ಇಸ್ತ್ರಿಯೋರು ಪೆಟ್ಟಿಗೆಗೆ ಆಕ್ತಾರಲ್ಲ ಸಾ, ಅದು.”

ಹೇಳಿ, ತುಂಡನ್ನು ಮೆಲ್ಲನೆ ಕಾಗದದ ಮೇಲೆ ಇಟ್ಟ. ಮಂಚಮ್ಮನ ಕಿರಿಯ ಮಗ ರವಿಗೆ ತಿ. ನರಸೀಪುರದಲ್ಲಿ ಇಸ್ತ್ರಿ ಅಂಗಡಿಯಿತ್ತು.

*

ನರಸೀಪುರಕ್ಕೆ ಹೊರಡುವ ಮೊದಲು ಜೀಪು ಮಂಡಿಯ ಮುಂದೆ ನಿಂತಿತು.

ಬಸವಣ್ಣ ಹಣೆಗೆ ವಿಭೂತಿ ಇಟ್ಟುಕೊಂಡು, ತಕ್ಕಡಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಲಾರಿಯಿಂದ ಗೊನೆ ಇಳಿಯುತ್ತಿತ್ತು. ಕೆಲಸ ನಿಂತಿರಲಿಲ್ಲ. ಹೊಗೆಕೋಣೆಯ ಬಾಗಿಲಿಗೆ ಮಾತ್ರ ಪೊಲೀಸರ ಬೀಗವಿತ್ತು.

“ಬನ್ನಿ ಸಾರ್. ಕಾಫಿ ತರಿಸ್ಲಾ?”

“ಬೇಡ. ಒಂದು ಮಾತು ಕೇಳಬೇಕಿತ್ತು. ಮೆತ್ತಿದ ಮೇಲೆ ಆ ಬಾಗಿಲನ್ನ ಯಾರಾದರೂ ತೆಗೆದಿದ್ದರಾ?”

“ಎಲ್ಲಾದ್ರೂ ಉಂಟಾ? ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿರೋ ನೇಮ. ಗುಡಿ ಬಾಗ್ಲಾದ್ರೂ ತೆಗಿಬೌದು, ಹೊಗೆ ಕೊಟ್ಟ ಬಾಗ್ಲು ತೆಗಿಯಂಗಿಲ್ಲ.”

“ನೀವು ಆ ಕಡೆ ಹೋಗಿದ್ರಾ?”

“ನಂಗೆ ಹೊಗೆ ಆಗಲ್ಲ ಸಾರ್. ಆ ಕಡೆ ತಲೆನೇ ಹಾಕಲ್ಲ.” ಬಸವಣ್ಣ ಹೆಗಲ ಮೇಲಿನ ವಲ್ಲಿಯಿಂದ ಬಾಯಿ ಒರೆಸಿಕೊಂಡ. “ಹಗಲೊತ್ತು ಇಲ್ಲಿ ಲಾರಿಯೋರು, ತೋಟದೋರು, ಗಿರಾಕಿಗಳು, ನೂರು ಜನ ಓಡಾಡ್ತಾರೆ. ಯಾರು ಎಲ್ಲಿ ಹೋದ್ರು ಅಂತ ನಾನೇನು ಕಾಯ್ಕೊಂಡು ಕೂತಿರ್ತೀನಾ? ಆದ್ರೂ ಆ ಬಾಗ್ಲು ಯಾರೂ ಮುಟ್ಟಲ್ಲ. ಮುಟ್ಟೋರು ಈ ಊರಲ್ಲಿ ಹುಟ್ಟಿಲ್ಲ.”

“ಮಂಚಮ್ಮ ಹೇಗೆ?”

“ಚಿನ್ನದಂಥ ಹೆಂಗ್ಸು. ಪಾಪ, ವಯಸ್ಸಾಯ್ತು. ಕಣ್ಣು ಮಂಜು. ಮುಪ್ಪಿನ ಕೈತಪ್ಪು ಅಂತ ಬರ್ದು ಮುಗಿಸ್ಬುಡಿ ಸಾರ್. ಅವಳನ್ನ ಯಾಕೆ ಅಲೆದಾಡಿಸ್ತೀರಿ.”

ಜೀಪು ಹತ್ತಿದ ಮೇಲೆ ಪುಟ್ಟಸ್ವಾಮಿ ಹೇಳಿದ, “ಧರ್ಮದ ಮಾತಾಡ್ದ.”

“ಹ್ಞೂಂ,” ಎಂದ ಅಮೃತೇಶ್.

ಜೀಪು ಸುತ್ತೂರು ದಾಟಿತು. ಗದ್ದೆಗಳಲ್ಲಿ ಅಲ್ಲಲ್ಲಿ ಕಬ್ಬಿನ ಸೋಗೆ ಸುಡುತ್ತಿದ್ದರು. ಹೊಗೆ ನೆಲಕ್ಕೆ ಅಂಟಿಕೊಂಡೇ ಸರಿಯುತ್ತಿತ್ತು. ಕಾಣುವ ಹೊಗೆಯಿಂದ ಮನುಷ್ಯ ತಪ್ಪಿಸಿಕೊಳ್ಳುತ್ತಾನೆ ಎಂದು ಅಮೃತೇಶ್ ಯೋಚಿಸುತ್ತಿದ್ದ.

*

ರವಿ ಅಂಗಡಿಯಲ್ಲಿ ಒಂದು ಬಿಳಿ ಷರಟಿನ ಮೇಲೆ ಪೆಟ್ಟಿಗೆ ಎಳೆಯುತ್ತಿದ್ದ. ಷರಟಿನ ಸುಕ್ಕು ಹೋಗುತ್ತಿರಲಿಲ್ಲ. ಅವನು ಮತ್ತೆ ಅದೇ ಜಾಗದಲ್ಲಿ ಎಳೆದ.

ಅಮೃತೇಶ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು.

“ಕೆಂಡ ಹಾಕಿಲ್ವಾ?”

“ಇದ್ಲು ಕಾಲಿ ಸಾ.”

ಮೂಲೆಯಲ್ಲಿ ಬಾಯಿ ಬಿಚ್ಚಿದ ಚೀಲವಿತ್ತು. ತುಂಬ ಇದ್ದಿಲು. ಎಲ್ಲವೂ ಬಟ್ಟಲಿನ ಚೂರಿನ ಹಾಗೆ ಬಾಗಿದವು. ಅಮೃತೇಶ್ ಅದನ್ನು ನೋಡಿದ್ದನ್ನು ರವಿಯೂ ನೋಡಿದ.

ಅಂಗಡಿಯ ಹಿಂದೆಯೇ ಮನೆ. ಮಾದು ಸತ್ತ ಮೇಲೆ ಇಲ್ಲಿಗೆ ಬಂದಿದ್ದ ಮಂಚಮ್ಮ ಪರದೆ ಸರಿಸಿ ಹೊರಗೆ ಬಂದಳು. ಒಣಗಿದ ಕಡ್ಡಿಯಂಥ ಹೆಂಗಸು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಠಾಣೆಯಲ್ಲೂ ಹಾಗೇ ಕೂತಿದ್ದಳು.

“ಅವನ್ನ ಏನ್ ಕೇಳ್ತೀರಿ ಸಾ? ನಾನೇ ಅಂತ ಎಬ್ಬೆಟ್ಟೊತ್ತಿ ಕೊಟ್ಟಿಲ್ವಾ?”

“ನಿಮ್ಮನ್ನೇ ಕೇಳೋಕೆ ಬಂದಿದೀನಮ್ಮ. ಅವತ್ತು ಮಡಕೆಗೆ ಏನು ಹಾಕಿದ್ರಿ?”

“ನಾರು. ಕೆಂಡದ ಮ್ಯಾಲೆ ನಾರು. ಮದ್ವೆಯಾಗಿ ಬಂದಾಗ್ಲಿಂದ ಅದೇ ಆಕ್ತಿರದು.”

“ಹೊಗೆ ಬಂತಾ?”

“ಬರ್ದೆ ಇದ್ದದಾ?”

“ಹೊಗೆ ನುಸುಳೋ ಕಡೆ ನೋಡಿಕೊಂಡು ಮಣ್ಣು ಮೆತ್ತೋದು ಅಲ್ವಾ? ಅವತ್ತು ಎಲ್ಲಿಂದ ನುಸುಳ್ತಿತ್ತು?”

ಮಂಚಮ್ಮ ಸೆರಗನ್ನು ಕೈಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಹೊರಗೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅಮೃತೇಶ್ ಕಾದ.

“ಮ್ಯಾಲಿಂದ,” ಎಂದಳು.

ಅಮೃತೇಶ್ ಹೊಗೆಕೋಣೆಯ ಫೋಟೋವನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟ. “ಇಲ್ಲಿ ನೋಡಿ. ಬಾಗಿಲು ತೆಗೆದ ದಿನದ್ದು. ಒಂದು ಗೊನೆಯೂ ಹಣ್ಣಾಗಿಲ್ಲ. ನಾರಿನ ಹೊಗೆ ಇದ್ದಿದ್ದರೆ ಆಗಬೇಕಿತ್ತು. ನಾನು ಮಾಡಿ ನೋಡಿದೀನಿ. ಆ ಮಡಕೇಲಿ ಉರಿದದ್ದು ಇದ್ದಿಲು. ಕರಟದ ಇದ್ದಿಲು.”

ಅವಳು ಫೋಟೋ ನೋಡಲಿಲ್ಲ. “ನಂಗೆ ವಯಸ್ಸಾಯ್ತು ಸಾ. ಏನ್ ಆಕಿದ್ನೋ ಏನೋ. ಎಂಗಾದ್ರೂ ಆಗ್ಲಿ, ಮೆತ್ತಿದೋಳು ನಾನು. ನನ್ನೇ ಕರ್ಕಂಡೋಗಿ.”

“ಸಾಕು ಸುಮ್ನಿರವ್ವ,” ಎಂದ ರವಿ.

“ಬಾಯ್ಮುಚ್ಲಾ.”

“ಎಷ್ಟ್ ದಿನ ಮುಚ್ಚಲಿ?” ಅವನು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ಪೆಟ್ಟಿಗೆಯ ಮುಚ್ಚಳ ಬಡಿದುಕೊಂಡಿತು. “ನಾನು ಸಾ. ಕೆಂಡ ಇಟ್ಟೋನು ನಾನು.”

ಮಂಚಮ್ಮ ಗೋಡೆ ಹಿಡಿದು ಕೆಳಗೆ ಕೂತಳು.

ರವಿಯ ಮಾತು ತುಂಡುತುಂಡಾಗಿ ಬಂತು. ಅವ್ವನಿಗೆ ಕೆಮ್ಮು. ಹೊಗೆ ಕುಡಿದು ಕುಡಿದು ಎದೆಯೆಲ್ಲ ಹಾಳಾಗಿದೆ, ಇನ್ನು ಹೊಗೆಯ ಹತ್ತಿರ ಸುಳಿಯಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವಳು ಕೇಳಲಿಲ್ಲ. ಮಂಡಿ ಬಿಟ್ಟರೆ ದಿನ ಹೋಗುವುದಿಲ್ಲ ಅಂದಳು.

“ಬೆಚ್ಚಗಿದ್ರೆ ಕಾಯಿ ಹಣ್ಣಾಯ್ತದೆ ಅಂದ್ಕಂಡಿದ್ದೆ ಸಾ. ಅಕ್ಕಿ ಡಬ್ಬದಲ್ಲಿಟ್ರೆ ಮಾವಿನಕಾಯಿ ಆಗಕಿಲ್ವಾ? ಶಾಖ ಸಾಕು, ಹೊಗೆ ಯಾಕೆ ಅಂದೆ. ಅಣ್ಣನೂ ಹೌದು ಕಣ್ಲಾ ಅಂದ. ಹೊಸ ಮಡಕೆ ತಗಂಡೋದೆ. ಹಳೇದ್ರಲ್ಲಿ ಹೊಗೆ ವಾಸ್ನೆ ಇರ್ತದಲ್ಲ, ಅದೂ ಬ್ಯಾಡ ಅಂತ. ಹಿಂದ್ಗಡೆ ಮೂಲೇಲಿ ಕೆಂಡ ತುಂಬಿಟ್ಟೆ. ಅಣ್ಣ ಗೊನೆ ಒಟ್ತಿದ್ದ. ಏನ್ಲಾ, ಮಡಕೆಗೂ ಇಸ್ತ್ರಿ ಮಾಡಕ್ ಬಂದ್ಯಾ ಅಂತ ರೇಗಿಸ್ದ. ನಾನು ನಗಾಡ್ಕಂಡು ಬಸ್ ಹತ್ತಿ ಬಂದೆ.”

ಅವನು ಪೆಟ್ಟಿಗೆಯ ಮುಚ್ಚಳವನ್ನು ಒತ್ತಿ ಹಿಡಿದ.

“ನಿಮಗೆ ಗೊತ್ತಿತ್ತಾ?” ಅಮೃತೇಶ್ ಮಂಚಮ್ಮನನ್ನು ಕೇಳಿದ.

“ಇನ್ಮ್ಯಾಕೆ ನಿಂಗೆ ಹೊಗೆ ಇರಕಿಲ್ಲ ಕನವ್ವ ಅಂತ ಇಬ್ರೂ ಯೋಳಿದ್ರು.” ಅವಳ ಕಣ್ಣು ನೆಲದ ಮೇಲಿತ್ತು. “ನಾನು ಬಂದಾಗ ಬಾಗ್ಲು ಎಳ್ದಿತ್ತು. ಹೊಗೆ ಎಲ್ಲೂ ನುಸೀತಿರ್ಲಿಲ್ಲ. ಒಂದ್ಸಾರಿ ಮಾದ ಅಂತ ಕೂಗಿ ನೋಡ್ಬೇಕಿತ್ತು. ಒಳ್ಗಡೆ ಕೂಗೋದೇನದೆ ಅಂತ ಮೆತ್ತುಬುಟ್ಟೆ. ಕೈ ತಾನಾಗೇ ಮೆತ್ತುಬುಡ್ತು.”

ಅಮೃತೇಶ್ ಹೊಗೆಕೋಣೆಯ ಫೋಟೋವನ್ನು ಮೇಜಿನಿಂದ ಎತ್ತಿಕೊಂಡ.

“ಒಬ್ಬನ್ನ ಮಣ್ಣಿಗೆ ಕೊಟ್ಟಾಯ್ತು ಸಾ,” ಎಂದಳು ಮಂಚಮ್ಮ. “ಇವನ್ನ ಬುಟ್ಬುಡಿ. ನಾನೇ ನಾರಾಕ್ದೆ ಅಂತ ಬರ್ಕಂಡಿದೀರಲ್ಲ, ಅಂಗೇ ಇರ್ಲಿ. ನಂದೇನು, ಇವತ್ತೋ ನಾಳೆಯೋ.”

ಪುಟ್ಟಸ್ವಾಮಿ ಮುಖ ತಿರುಗಿಸಿ ರಸ್ತೆ ನೋಡುತ್ತಾ ನಿಂತ.

ಇಲ್ಲಿಗೆ ಮುಗಿಯಬಹುದಿತ್ತು. ಇಬ್ಬರು ಮಕ್ಕಳು ತಾಯಿಯ ಎದೆಗೆ ಹೊಗೆ ತಾಕದಿರಲಿ ಎಂದು ಮಾಡಿದ ಕೆಲಸ. ಕೊಲೆಯಲ್ಲ. ಆದರೆ ಅಮೃತೇಶನ ಚೀಲದಲ್ಲಿ ಇನ್ನೊಂದು ವಸ್ತುವಿತ್ತು. ಬೆಳಗಿನಿಂದ ಅವನು ಯಾರಿಗೂ ಅದನ್ನು ತೋರಿಸಿರಲಿಲ್ಲ.

ಅವನು ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಒಳಗೆ ಒಂದು ಹಿಡಿ ತೆಂಗಿನ ನಾರು.

“ರವಿ, ಇದನ್ನ ಯಾಕೆ ಹಾಕಿದ್ರಿ?”

“ಯಾವ್ದು ಸಾ?”

“ನಾರು. ಮಡಕೇಲಿ ಬೂದಿಯ ಮೇಲೆ ಇತ್ತು.”

“ನಾನ್ ನಾರು ಹಾಕಿಲ್ಲ.” ರವಿ ತಾಯಿಯ ಕಡೆ ತಿರುಗಿದ. “ನೀನ್ ಹಾಕಿದ್ಯೇನವ್ವ?”

“ಬರೀ ಬಾಯಲ್ಲಿ ಯೋಳ್ದೆ ಕನ್ಲಾ. ನಾನು ಒಳಕ್ಕೇ ಕಾಲಿಟ್ಟಿಲ್ವಲ್ಲ.”

ಈ ಬಾರಿ ಅವಳು ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ಮುಖದಲ್ಲೂ ಒಂದೇ ದಿಗಿಲಿತ್ತು.

ಅಮೃತೇಶ್ ಕವರನ್ನು ಬೆಳಕಿಗೆ ಹಿಡಿದ. “ಉರಿಯೋ ಕೆಂಡದ ಮೇಲೆ ನಾರು ಹಾಕಿದರೆ ಕೆಳಗಿನಿಂದ ಸುಡಬೇಕು. ಇದು ನೋಡಿ. ಕೆಳಗೆ ಒಂದು ಎಳೆಯೂ ಕರಕಲಾಗಿಲ್ಲ. ಮೇಲೆ ಮಾತ್ರ ತುದಿ ಸುಟ್ಟಿದೆ. ಯಾರೋ ಕಡ್ಡಿ ಗೀರಿ ಹಚ್ಚಿದ್ದಾರೆ. ಹತ್ತಿಕೊಂಡಿಲ್ಲ, ಆರಿಹೋಗಿದೆ.”

“ಅಂದ್ರೆ?” ಎಂದ ಪುಟ್ಟಸ್ವಾಮಿ.

“ನಾರು ಹಾಕಿದಾಗ ಕೆಂಡ ಇರಲಿಲ್ಲ. ಬೂದಿ ತಣ್ಣಗಾಗಿತ್ತು. ಮಡಕೆಯಲ್ಲಿ ನಾರಿನ ಹೊಗೆಯೇ ಎದ್ದಿತ್ತು ಅಂತ ನಮಗೆ ಕಾಣಲಿ, ಇವರ ಕೈತಪ್ಪು ಅನ್ನಿಸಲಿ ಎಂದು ಇಟ್ಟದ್ದು.”

“ಬಾಗ್ಲು ಮುಚ್ಚಿತ್ತಲ್ಲ ಸಾ. ಮಣ್ಣು ಮೆತ್ತಿತ್ತಲ್ಲ.”

ಅಮೃತೇಶ್ ಎರಡನೇ ಫೋಟೋವನ್ನು ಮಂಚಮ್ಮನ ಮುಂದೆ ಹಿಡಿದ. ತೆರೆದ ಬಾಗಿಲು, ಎರಡೂ ಅಂಚಿನ ಒಣಗಿದ ಮಣ್ಣು.

“ಇದನ್ನ ನೋಡಿ ಹೇಳಿ. ಮಣ್ಣು ನೀವು ಮೆತ್ತಿದ ಹಾಗೇ ಇದೆಯಾ?”

ಅವಳು ಫೋಟೋ ಹಿಡಿಯಲು ಸೆರಗಿನಿಂದ ಬಲಗೈ ತೆಗೆದಳು.

ಆ ಕೈಯಲ್ಲಿ ತೋರುಬೆರಳಿರಲಿಲ್ಲ. ಬುಡದಿಂದಲೇ ಹೋಗಿ, ಚರ್ಮ ಯಾವ ಕಾಲದಲ್ಲೋ ಕೂಡಿಕೊಂಡಿತ್ತು.

ಅಮೃತೇಶ್ ನೋಡಿದ್ದು ಅವಳಿಗೆ ಗೊತ್ತಾಯಿತು. “ಆಲೆಮನೆ ಗಾಣಕ್ಕೆ ಸಿಕ್ತು. ಇವ್ರಿಬ್ರೂ ಚಿಕ್ಕೋರಿದ್ರು,” ಎಂದಳು. ನಾಚಿಕೆಯಿಂದ ಕೈಯನ್ನು ಮತ್ತೆ ಒಳಗೆಳೆಯಲು ಹೋದಳು. ಎಳೆಯಲಿಲ್ಲ. ಅವಳ ಕಣ್ಣು ಫೋಟೋದ ಮೇಲೆ ನಿಂತಿತ್ತು.

ಆ ಕೈಯನ್ನೇ ಅವಳು ಫೋಟೋದ ಮೇಲಿಟ್ಟಳು. ಕೀಲಿನ ಕಡೆಯ ಮಣ್ಣಿನ ಮೇಲೆ ಅವಳ ಬೆರಳುಗಳು ಜಾರಿದವು. ಅಲ್ಲಿ ಗೆರೆಗಳು ಮೂರು ಮೂರಾಗಿ ಇಳಿದಿದ್ದವು. ಆಮೇಲೆ ಚಿಲಕದ ಕಡೆಗೆ ಸರಿದವು. ಅಲ್ಲಿ ನಿಂತವು.

“ಕೀಲಿನ ಕಡೇದು ನಂದು,” ಎಂದಳು. “ಇದು ನಂದಲ್ಲ.”

ಅಮೃತೇಶ್ ಬಗ್ಗಿ ನೋಡಿದ. ಚಿಲಕದ ಕಡೆಯ ಮಣ್ಣಿನ ಮೇಲೆ, ಮೇಲಿನಿಂದ ಕೆಳಗಿನವರೆಗೆ, ಬೆರಳಿನ ಗೆರೆಗಳು ನಾಲ್ಕು ನಾಲ್ಕಾಗಿ ಎಳೆದಿದ್ದವು. ವಾರವಿಡೀ ಅವನ ಮೇಜಿನ ಮೇಲೆ ಬಿದ್ದಿದ್ದ ಫೋಟೋ.

ಅವಳು ಮೆತ್ತಿ ಹೋದ ಮೇಲೆ ಯಾರೋ ಆ ಮಣ್ಣು ಒಡೆದಿದ್ದರು. ಬಾಗಿಲು ತೆರೆದು, ಒಳಗೆ ಹೋಗಿ, ತಣ್ಣಗಾದ ಬೂದಿಯ ಮೇಲೆ ನಾರು ಇಟ್ಟಿದ್ದರು. ಹೊರಗೆ ಬಂದು ಚಿಲಕ ಹಾಕಿ, ಮಣ್ಣು ಕಲಸಿ, ಅವಳ ಹಾಗೆಯೇ ಮೆತ್ತಿದ್ದರು. ಮುಟ್ಟೋರು ಈ ಊರಲ್ಲಿ ಹುಟ್ಟಿಲ್ಲ ಎಂದ ಬಸವಣ್ಣನ ಮಾತು ಅಮೃತೇಶನ ಕಿವಿಯಲ್ಲಿ ಇನ್ನೊಮ್ಮೆ ಕೇಳಿತು.

ರವಿ ಫೋಟೋ ನೋಡಲು ತಾಯಿಯ ಪಕ್ಕ ಕುಕ್ಕರಿಸಿದ.

ಮಂಚಮ್ಮ ಫೋಟೋದಿಂದ ಕೈ ತೆಗೆಯಲಿಲ್ಲ. ಅವಳಿಗೆ ಬೇರೇನೋ ಹೊಳೆದಿತ್ತು. ಅದು ಅವಳ ಮುಖದಲ್ಲಿ ನಿಧಾನವಾಗಿ ಮೂಡುವುದನ್ನು ಅಮೃತೇಶ್ ನೋಡುತ್ತಿದ್ದ. ತಡೆಯಲು ಅವನ ಬಳಿ ಏನೂ ಇರಲಿಲ್ಲ.

“ಒಳಕ್ಕೆ ಹೋದೋರು ಅವನ್ನ ನೋಡಿರ್ಬೇಕಲ್ವಾ ಸಾ?”

“ನೋಡಿರ್ತಾರಮ್ಮ.”

“ನೋಡಿ, ತಿರ್ಗಾ ಮೆತ್ತಿದ್ರಾ?”

ಅಮೃತೇಶ್ ಹೌದೆಂದು ತಲೆಯಾಡಿಸಿದ.

ಅವಳು ತಲೆಯೆತ್ತಿದಳು. ಆ ವಾರದಲ್ಲಿ ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿದಳು.

“ಆವಾಗ ನನ್ ಮಗನ್ಗೆ ಉಸ್ರಿತ್ತಾ?”